ಮಸ್ಟಾಂಗ್‌ನ ಹಳೆಯ ಗೇರ್‌ಬಾಕ್ಸ್: ಬಿಚ್ಚಿ ಕಟ್ಟಿಸುವುದೋ, ಬೇರೆಯದು ಹಾಕಿಸುವುದೋ?

ಪ್ರಶ್ನೆ: ನನ್ನ ಬಳಿ 1966ರ ಫೋರ್ಡ್ ಮಸ್ಟಾಂಗ್ ಇದೆ. 289 ವಿ8 ಎಂಜಿನ್, ಸಿ4 ಎಂಬ ಮೂರು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಈಚೆಗೆ ರಿವರ್ಸ್‌ಗೆ ಹಾಕಿದರೆ ಎರಡು ಮೂರು ಸೆಕೆಂಡ್ ಕಾದ ಮೇಲೆ ಗಾಡಿ ಕದಲುತ್ತದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಒಮ್ಮೆ ರೇಸ್ ಆಗಿ ಆಮೇಲೆ ಹಿಡಿಯುತ್ತದೆ. ಎರಡು ತಿಂಗಳಲ್ಲಿ ಬಾಕ್ಸಿಗೆ ಒಂದು ಕ್ವಾರ್ಟ್ (ಲೀಟರಿಗೆ ಸ್ವಲ್ಪ ಕಡಿಮೆ) ಆಯಿಲ್ ಹಾಕಿದ್ದೇನೆ; ನೆಲದ ಮೇಲೆ ಬಿದ್ದಿರುವುದು ಮಾತ್ರ ನಾಲ್ಕೇ ಹನಿ. ಒಬ್ಬ ಮೆಕ್ಯಾನಿಕ್ 'ಇದನ್ನು ಬಿಸಾಕಿ, ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗಿಸುವ ಓವರ್‌ಡ್ರೈವ್ ಗೇರ್ ಇರುವ ಎಒಡಿ ಬಾಕ್ಸ್ ಹಾಕಿಸಿ' ಅಂದರು. ಇನ್ನೊಬ್ಬರು 'ಹಳೆಯದನ್ನು ಕೊಟ್ಟುಬಿಡಿ, ರೆಡಿ ಇರುವ ಸಿ4 ಕೂರಿಸಿ ಕೊಡ್ತೀನಿ' ಅಂದರು. ವಾರಾಂತ್ಯಕ್ಕೆ ಮಾತ್ರ ಓಡಿಸುವವನು ನಾನು, ವರ್ಷಕ್ಕೆ 1500 ಮೈಲಿ ದಾಟುವುದಿಲ್ಲ. ಬಾಗಿಲಿನ ಪ್ಲೇಟಿನ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?
– ಒಬ್ಬ ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ಪತ್ರ ಓದಿ ಮೊದಲು ಬೇಸರವಾಯಿತು. ಇಬ್ಬರು ಮೆಕ್ಯಾನಿಕ್‌ಗಳೂ ಬಾಕ್ಸಿನ ತಳದ ಆಯಿಲ್ ತಟ್ಟೆ, ಅಂದರೆ ಪ್ಯಾನ್, ಇಳಿಸಿ ನೋಡಿಲ್ಲ, ಪ್ರೆಶರ್ ಗೇಜ್ ಹಾಕಿಲ್ಲ, ಆದರೂ ತೀರ್ಪು ಕೊಟ್ಟುಬಿಟ್ಟಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕಾಗಿಲ್ಲ. ಬಿಚ್ಚಿ ಕಟ್ಟಿಸುವುದೋ ಬದಲಿಸುವುದೋ ಎಂಬ ಪ್ರಶ್ನೆ ಇನ್ನೂ ಹುಟ್ಟಿಲ್ಲ. ಏನು ಕೆಟ್ಟಿದೆ ಅನ್ನುವುದು ಮೊದಲು ಗೊತ್ತಾಗಲಿ.

ನೀವು ಬರೆದದ್ದರಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಆಯಿಲ್ ಮೇಲೆ. ಒಂದು ಕ್ವಾರ್ಟ್ ಖಾಲಿಯಾಗಿದೆ, ನೆಲದ ಮೇಲೆ ನಾಲ್ಕು ಹನಿ. ಮಿಕ್ಕಿದ್ದು ಎಲ್ಲಿಗೆ ಹೋಯಿತು? ಸಿ4ನಲ್ಲಿ ಆಯಿಲ್ ಕಣ್ಣಿಗೆ ಕಾಣದೆ ಹೋಗುವ ದಾರಿ ಒಂದಿದೆ. ಬಾಕ್ಸಿನ ಹಿಂಬದಿಯಲ್ಲಿ ತಗಡಿನ ಸಣ್ಣ ಡಬ್ಬಿಯಂಥದ್ದು ಸಿಕ್ಕಿಸಿದೆ, ಅದಕ್ಕೆ ವ್ಯಾಕ್ಯೂಮ್ ಮಾಡ್ಯುಲೇಟರ್ ಅನ್ನುತ್ತಾರೆ. ಅದರೊಳಗೆ ರಬ್ಬರಿನ ಒಂದು ಪರದೆ. ಪರದೆಯ ಒಂದು ಬದಿಗೆ ಎಂಜಿನ್ನಿನ ಇನ್‌ಟೇಕ್‌ನಿಂದ ಬಂದ ನಳಿಕೆ, ಇನ್ನೊಂದು ಬದಿಗೆ ಗೇರ್‌ಬಾಕ್ಸ್. ನೀವು ಆಕ್ಸಿಲರೇಟರ್ ಎಷ್ಟು ತುಳಿದಿದ್ದೀರಿ, ಎಂಜಿನ್ ಮೇಲೆ ಎಷ್ಟು ಭಾರ ಇದೆ ಎಂಬುದನ್ನು ಬಾಕ್ಸು ತಿಳಿದುಕೊಳ್ಳುವುದೇ ಈ ಡಬ್ಬಿಯ ಮೂಲಕ. ವ್ಯಾಕ್ಯೂಮ್ ಕಡಿಮೆಯಾದರೆ ಭಾರ ಹೆಚ್ಚಾಗಿದೆ ಎಂದು ತಿಳಿದು ಬಾಕ್ಸು ಆಯಿಲ್ ಪ್ರೆಶರ್ ಏರಿಸುತ್ತದೆ, ಗೇರನ್ನು ತಡವಾಗಿ ಬದಲಿಸುತ್ತದೆ. ಆ ರಬ್ಬರು ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಆಯಿಲನ್ನೇ ಸ್ಟ್ರಾ ಹಾಕಿ ಹೀರಿದ ಹಾಗೆ ಹೀರಿಕೊಂಡು ಸುಟ್ಟುಬಿಡುತ್ತದೆ. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ, ಜನ ಎಂಜಿನ್ ಹೋಯಿತು ಅಂದುಕೊಂಡು ಗಾಬರಿಯಾಗುತ್ತಾರೆ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಮಾಡ್ಯುಲೇಟರ್‌ನ ರಬ್ಬರ್ ಹೋಸ್ ಎಳೆಯಿರಿ. ಒಳಗೆ ಬಿಳಿ ಬಟ್ಟೆಯ ತುದಿ ತಿರುಚಿ ಹಾಕಿ ತೆಗೆಯಿರಿ. ಬಟ್ಟೆಗೆ ಬಾಕ್ಸಿನ ಕೆಂಪು ಆಯಿಲ್ ಹತ್ತಿದರೆ ಮಾಡ್ಯುಲೇಟರ್ ಹರಿದಿದೆ, ಅನುಮಾನವೇ ಬೇಡ. ನಿಮ್ಮ ಕಾಲದ ಸಿ4ಗೆ ತಿರುಪಿನ ಹಾಗೆ ತಿರುಗಿಸಿ ಹಾಕುವಂಥದ್ದು ಬರುತ್ತದೆ. ಆಮೇಲಿನ ಬಾಕ್ಸುಗಳಿಗೆ ಒತ್ತಿ ಕೂರಿಸಿ ಕ್ಲಾಂಪ್ ಹಾಕುವಂಥದ್ದು. ಕೊಳ್ಳುವಾಗ ನೋಡಿ ಕೊಳ್ಳಿ. ಗಾಡಿಯ ಅಡಿಯಲ್ಲಿ ಮಲಗಿ ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸ ಇದು.

ಅದಾದ ಮೇಲೆ ಆಯಿಲ್ ಮಟ್ಟ ಸರಿಯಾಗಿ ನೋಡಿ. 'ಸರಿಯಾಗಿ' ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹತ್ತು ಹದಿನೈದು ಮೈಲಿ ಓಡಿಸಿ ಬಿಸಿಯಾಗಿರಬೇಕು, ಗಾಡಿ ಸಮತಟ್ಟು ಜಾಗದಲ್ಲಿರಬೇಕು, ಎಂಜಿನ್ ಓಡುತ್ತಿರಬೇಕು. ಬ್ರೇಕ್ ತುಳಿದುಕೊಂಡೇ ಲಿವರನ್ನು ಎಲ್ಲ ಸ್ಥಾನಕ್ಕೂ ಒಮ್ಮೊಮ್ಮೆ ತಂದು, ಪಾರ್ಕ್‌ಗೆ ಹಾಕಿ, ಆಮೇಲೆ ಡಿಪ್‌ಸ್ಟಿಕ್ ಎಳೆಯಬೇಕು. ಎಂಜಿನ್ ನಿಲ್ಲಿಸಿ ನೋಡಿದರೆ ಕನ್ವರ್ಟರ್‌ನಲ್ಲಿದ್ದ (ಎಂಜಿನ್ನಿನ ತಿರುಗುವಿಕೆಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ದುಂಡು ಡಬ್ಬಿ) ಆಯಿಲ್ ಇಳಿದು ಮಟ್ಟ ಸುಳ್ಳು ಹೇಳುತ್ತದೆ. ಹಾಕುವ ಆಯಿಲ್ ಟೈಪ್ ಎಫ್ ಆಗಿರಲಿ. 1966ರ ಸಿ4ನ ಕ್ಲಚ್ ಪ್ಲೇಟುಗಳನ್ನು ಅದಕ್ಕೆಂದೇ ಮಾಡಿದ್ದು. ಡೆಕ್ಸ್‌ರಾನ್ ಎಂಬ ಬೇರೆ ಬಗೆಯ ಆಯಿಲ್ ಹಾಕಿದರೆ ಹಿಡಿತ ಮೆತ್ತಗಾಗುತ್ತದೆ. ಹಿಂದಿನ ಮಾಲೀಕರು ಯಾವುದು ಹಾಕಿದ್ದರೋ ವಿಚಾರಿಸಿ.

ನಿಮ್ಮ ಎರಡು ದೂರುಗಳಿಗೂ ಇದಕ್ಕೂ ಏನು ಸಂಬಂಧ? ಸಿ4ನೊಳಗೆ ತಿರುಗುವ ಭಾಗಗಳನ್ನು ಹಿಡಿದು, ಬಿಟ್ಟು ಗೇರು ಬದಲಿಸುವವರು ಐದೇ ಮಂದಿ: ಫಾರ್ವರ್ಡ್ ಕ್ಲಚ್, ರಿವರ್ಸ್-ಹೈ ಕ್ಲಚ್, ಇಂಟರ್‌ಮೀಡಿಯೇಟ್ ಬ್ಯಾಂಡ್, ಲೋ-ರಿವರ್ಸ್ ಬ್ಯಾಂಡ್, ಮತ್ತೆ ಒಂದೇ ದಿಕ್ಕಿಗೆ ತಿರುಗುವ ಒನ್‌ವೇ ಕ್ಲಚ್. ಮುಂದಕ್ಕೆ ಹೋಗುವ ಎಲ್ಲ ಗೇರಿಗೂ ಫಾರ್ವರ್ಡ್ ಕ್ಲಚ್ ಬೇಕು. ಎರಡನೆಯದಕ್ಕೆ ಅದರ ಜೊತೆ ಇಂಟರ್‌ಮೀಡಿಯೇಟ್ ಬ್ಯಾಂಡ್ ಹಿಡಿಯುತ್ತದೆ. ಮೂರನೆಯದಕ್ಕೆ ಬ್ಯಾಂಡ್ ಬಿಟ್ಟು ರಿವರ್ಸ್-ಹೈ ಕ್ಲಚ್ ಹಿಡಿಯುತ್ತದೆ. ರಿವರ್ಸ್‌ಗೆ ಅದೇ ರಿವರ್ಸ್-ಹೈ ಕ್ಲಚ್, ಜೊತೆಗೆ ಲೋ-ರಿವರ್ಸ್ ಬ್ಯಾಂಡ್. ಈಗ ನಿಮ್ಮ ಪತ್ರ ಇನ್ನೊಮ್ಮೆ ಓದಿ: ರಿವರ್ಸ್ ತಡ, ಮೂರನೆಯದಕ್ಕೆ ಹೋಗುವಾಗ ಜಾರಿಕೆ. ಎರಡರಲ್ಲೂ ಇರುವವನು ಒಬ್ಬನೇ. ಮೊದಲ ಗೇರು ಸರಿ, ಎರಡನೆಯದೂ ಸರಿ ಅಂದಮೇಲೆ ಫಾರ್ವರ್ಡ್ ಕ್ಲಚ್ ಚೆನ್ನಾಗಿದೆ, ಪಂಪ್ ಚೆನ್ನಾಗಿದೆ, ಗೇರುಗಳು ಚೆನ್ನಾಗಿವೆ. ಇಡೀ ಬಾಕ್ಸನ್ನು ಬಿಸಾಕಿ ಅಂದವರು ಈ ಲೆಕ್ಕವನ್ನೇ ಹಾಕಿಲ್ಲ.

ಒಂದು ಕ್ವಾರ್ಟ್ ಕಡಿಮೆಯಾದ ಬಾಕ್ಸಿನಲ್ಲಿ ಪಂಪ್ ಗಾಳಿ ನುಂಗುತ್ತದೆ. ಆಗ ಅಂಚಿನಲ್ಲಿರುವ ಕ್ಲಚ್ ಮೊದಲು ಜಾರುತ್ತದೆ. ಹಾಗಾಗಿ ಮಾಡ್ಯುಲೇಟರ್ ಬದಲಿಸಿ ಆಯಿಲ್ ತುಂಬಿಸಿದ ಮೇಲೆ ಎರಡೂ ತೊಂದರೆ ಹೋಗಿಬಿಡುವ ಸಾಧ್ಯತೆ ಇದೆ. ಹೋಗದಿದ್ದರೂ ಬಾಕ್ಸ್ ಇಳಿಸುವ ಮುಂಚೆ ನೋಡಬೇಕಾದ್ದು ಇನ್ನೊಂದಿದೆ, ಇಂಟರ್‌ಮೀಡಿಯೇಟ್ ಸರ್ವೋ, ಅಂದರೆ ಆ ಬ್ಯಾಂಡನ್ನು ಆಯಿಲ್ ಒತ್ತಡದಿಂದ ಬಿಗಿಯುವ ಪಿಸ್ಟನ್. ಎರಡರಿಂದ ಮೂರಕ್ಕೆ ಹೋಗುವಾಗ ರಿವರ್ಸ್-ಹೈ ಕ್ಲಚ್ ಹಿಡಿಸುವ ಆಯಿಲೇ ಈ ಸರ್ವೋಗೆ ಹೋಗಿ ಬ್ಯಾಂಡನ್ನು ಬಿಡಿಸುತ್ತದೆ. ಸರ್ವೋದ ಸೀಲ್ ಸೋರಿದರೆ ಆ ಕ್ಲಚ್‌ಗೆ ಬಲ ಸಾಲದು. ಸರ್ವೋದ ಮುಚ್ಚಳ ಬಾಕ್ಸಿನ ಹೊರಮೈಯಲ್ಲೇ ಇದೆ, ಗಾಡಿಯಲ್ಲಿದ್ದಂತೆಯೇ ಸೀಲ್ ಬದಲಿಸಬಹುದು. ಬ್ಯಾಂಡ್‌ಗಳ ಅಡ್ಜಸ್ಟರ್‌ಗಳೂ ಹೊರಗೇ ಇವೆ. ಇಂಟರ್‌ಮೀಡಿಯೇಟ್ ಬ್ಯಾಂಡನ್ನು ಟಾರ್ಕ್ ರೆಂಚಿನಿಂದ 10 ಅಡಿ-ಪೌಂಡಿಗೆ ಬಿಗಿದು, ಅಲ್ಲಿಂದ ಒಂದೂಮುಕ್ಕಾಲು ಸುತ್ತು ಸಡಿಲಿಸಬೇಕು. ಲೋ-ರಿವರ್ಸ್‌ಗೆ ಅದೇ 10, ಆದರೆ ಮೂರು ಸುತ್ತು. ಲಾಕ್ ನಟ್ ಹೊಸದೇ ಹಾಕಿ, ಹಳೆಯದು ಸೋರುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. 65, 66ರ ಗಾಡಿಗಳ ಲಿವರ್ ಬಳಿ ಡಿ ಅಕ್ಷರದ ಬದಲು ಎರಡು ಚುಕ್ಕಿಗಳಿರುತ್ತವೆ, ದೊಡ್ಡದೊಂದು ಹಸಿರು, ಚಿಕ್ಕದೊಂದು. ಹಸಿರು ಚುಕ್ಕಿಗೆ ಹಾಕಿದರೆ ಒಂದು, ಎರಡು, ಮೂರು ಕ್ರಮವಾಗಿ ಬೀಳುತ್ತದೆ. ಚಿಕ್ಕ ಚುಕ್ಕಿಗೆ ಹಾಕಿದರೆ ಗಾಡಿ ಎರಡನೇ ಗೇರಿನಲ್ಲೇ ಹೊರಡುತ್ತದೆ, ಜಾರುವ ರಸ್ತೆಗೆಂದು ಕೊಟ್ಟ ಅನುಕೂಲ ಅದು. ಅದು ತಿಳಿಯದೆ 'ಫಸ್ಟ್ ಗೇರೇ ಹೋಗಿದೆ, ಪಿಕಪ್ ಇಲ್ಲ' ಎಂದು ಗಾಡಿ ತಂದು ನಿಲ್ಲಿಸಿದವರನ್ನು ನೋಡಿದ್ದೇನೆ. 1967ರಿಂದ ಫೋರ್ಡ್ ಈ ಪದ್ಧತಿ ಬಿಟ್ಟಿತು.

ಇಷ್ಟೆಲ್ಲ ಮಾಡಿಯೂ ಜಾರುತ್ತಿದೆ ಅನ್ನಿ. ಆಗ ಪ್ಯಾನ್ ಇಳಿಸಿ. ಪ್ಯಾನಿನ ತಳದಲ್ಲಿ ಬೂದು ಬಣ್ಣದ ನುಣ್ಣನೆ ಕೆಸರು ಸ್ವಲ್ಪ ಇದ್ದರೆ ಹೆದರಬೇಡಿ, ಇಷ್ಟು ವರ್ಷ ಓಡಿದ್ದಕ್ಕೆ ಅದು ಸಹಜ. ಸುಟ್ಟ ಕಾಗದದ ಚೂರಿನಂಥ ಕಪ್ಪು ಪುಡಿ, ಸೀದ ವಾಸನೆ ಇದ್ದರೆ ಕ್ಲಚ್ ಪ್ಲೇಟು ಬೆಂದಿದೆ. ಹಳದಿ ಮಿನುಗು ಕಂಡರೆ ಬುಶ್ಶು, ವಾಶರ್ ಸವೆದಿವೆ. ಬೆರಳಿಗೆ ಚುಚ್ಚುವ ಉಕ್ಕಿನ ಸಿಬಿರು ಕಂಡರೆ ಗೇರಿಗೇ ಏಟು ಬಿದ್ದಿದೆ. ಮೊದಲ ಮೂರರಲ್ಲಿ ಯಾವುದು ಕಂಡರೂ, ಜಾರಿಕೆ ಉಳಿದಿದೆ ಅಂದಮೇಲೆ ಬಿಚ್ಚಿ ಕಟ್ಟಿಸಿ. ನಾಲ್ಕನೆಯದರಲ್ಲೂ ಬಾಕ್ಸಿನ ಹೊರಕವಚ ಬಿರುಕು ಬಿಟ್ಟಿಲ್ಲದಿದ್ದರೆ ನಾನು ಬಿಚ್ಚಿ ಕಟ್ಟುವುದನ್ನೇ ಹೇಳುತ್ತೇನೆ. ಸಿ4 1964ರಲ್ಲಿ ಬಂದದ್ದು 80ರ ದಶಕದ ಆರಂಭದವರೆಗೂ ತಯಾರಾಯಿತು, ಇದರ ಬಿಡಿಭಾಗಕ್ಕೆ ಅಮೆರಿಕದಲ್ಲಿ ಬರಗಾಲವಿಲ್ಲ.

ನಿಮ್ಮ ಬಾಕ್ಸಿನಲ್ಲಿ ಏನು ಸಿಗಬಹುದೆಂದು ನನಗೆ ಅಂದಾಜಿದೆ. ಇಂಥದೇ ದೂರಿನ ಒಂದು ಬಾಕ್ಸನ್ನು ಬಿಚ್ಚಿದ್ದೆ. ರಿವರ್ಸ್-ಹೈ ಡ್ರಮ್ಮಿನೊಳಗಿನ ಪಿಸ್ಟನ್ ಎಳೆದು, ಅದರ ಅಂಚಿನ ರಬ್ಬರ್ ಸೀಲನ್ನು ಬೆರಳಲ್ಲಿ ಬಗ್ಗಿಸಿದೆ. ಒಣ ಹಪ್ಪಳದ ಹಾಗೆ ಪಟಕ್ಕನೆ ಮುರಿಯಿತು. ಹೊಸ ಸೀಲು ಬೆರಳಿಗೆ ಸುತ್ತಿದರೂ ಬಿಟ್ಟ ಕೂಡಲೇ ದುಂಡಗಾಗುತ್ತದೆ. ಕ್ಲಚ್ ಪ್ಲೇಟುಗಳು ಮಾತ್ರ ಇನ್ನೂ ಅರ್ಧ ಆಯುಷ್ಯ ಉಳಿಸಿಕೊಂಡಿದ್ದವು. ಓಡಿ ಸವೆದ ಬಾಕ್ಸಲ್ಲ ಅದು, ನಿಂತು ಒಣಗಿದ ಬಾಕ್ಸು. ವಾರಾಂತ್ಯದ ಗಾಡಿಗಳಿಗೆ ಹೆಚ್ಚಾಗಿ ಬರುವ ಕಾಯಿಲೆ ಇದೇ.

ಈಗ ಎಒಡಿ ವಿಷಯಕ್ಕೆ ಬರುತ್ತೇನೆ. 1980ರಲ್ಲಿ ಬಂದ ನಾಲ್ಕು ಗೇರಿನ ಬಾಕ್ಸ್ ಅದು, ನಾಲ್ಕನೆಯದು 0.67ರ ಓವರ್‌ಡ್ರೈವ್. ಕೆಟ್ಟ ಬಾಕ್ಸೇನಲ್ಲ. ಆದರೆ ನಿಮ್ಮ ಗಾಡಿಗೆ ಅದರಿಂದ ಸಿಗುವುದೇನು ಎಂದು ಲೆಕ್ಕ ಹಾಕಿ. ಹಿಂದಿನ ಆಕ್ಸಲ್ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ ಅನುಪಾತ ಬರೆದಿರುತ್ತದೆ. 2.80 ಇದ್ದು, ಟೈರ್ ಇಪ್ಪತ್ತೈದೂವರೆ ಇಂಚು ಎತ್ತರದ್ದಾದರೆ, ಗಂಟೆಗೆ 65 ಮೈಲಿಯಲ್ಲಿ ಸಿ4 ಜೊತೆ ಎಂಜಿನ್ ತಿರುಗುವುದು ನಿಮಿಷಕ್ಕೆ ಸುಮಾರು 2400. 289ಕ್ಕೆ ಅದು ಆರಾಮದ ವೇಗ. ಎಒಡಿ ಹಾಕಿದರೆ ಅದು 1600ಕ್ಕೆ ಇಳಿಯುತ್ತದೆ. ಅಲ್ಲಿ ಎಂಜಿನ್ನಿಗೆ ಶಕ್ತಿ ಸಾಲದು, ಸಣ್ಣ ಏರು ಬಂದರೂ ಬಾಕ್ಸು ಮೂರಕ್ಕೆ ಇಳಿದು ಮತ್ತೆ ನಾಲ್ಕಕ್ಕೆ ಹೋಗುತ್ತ ಒದ್ದಾಡುತ್ತದೆ. 3.00 ಇದ್ದರೆ 2570ರಿಂದ 1720ಕ್ಕೆ ಇಳಿಯುತ್ತದೆ, ಅದೂ ಕಡಿಮೆಯೇ. 3.50 ಇದ್ದವರಿಗೆ 3000ದಿಂದ 2000ಕ್ಕೆ ಇಳಿಯುವುದರಿಂದ ನಿಜವಾದ ಲಾಭ ಇದೆ. ಅಂದರೆ ಎಒಡಿ ಹಾಕಿಸಿದವರು ಆಮೇಲೆ ಆಕ್ಸಲ್ಲಿನ ಗೇರನ್ನೂ ಬದಲಿಸಲು ಹೊರಡುತ್ತಾರೆ.

ಖರ್ಚು ಅಲ್ಲಿಗೂ ನಿಲ್ಲುವುದಿಲ್ಲ. ಬಾಕ್ಸಿನ ಅಡಿಗೆ ಬೇರೆ ಕ್ರಾಸ್‌ಮೆಂಬರ್, ಬೇರೆ ಲಿಂಕೇಜ್, ಕೂಲರ್ ಪೈಪು, ಕೆಲವೊಮ್ಮೆ ಡ್ರೈವ್‌ಶಾಫ್ಟ್ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸುವುದು. ಎಂಜಿನ್ನನ್ನು ಕನ್ವರ್ಟರಿಗೆ ಜೋಡಿಸುವ ಹಲ್ಲಿನ ತಟ್ಟೆ, ಅಂದರೆ ಫ್ಲೆಕ್ಸ್‌ಪ್ಲೇಟ್ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ನಿಮ್ಮ 289ಕ್ಕೆ ಬ್ಯಾಲೆನ್ಸಿಗೆಂದು 28 ಔನ್ಸ್ ಲೆಕ್ಕದ ತೂಕ ಕೂರಿಸಿದ ಪ್ಲೇಟು ಬೇಕು. 80ರ ದಶಕದ 5.0 ಎಂಜಿನ್ನಿನ ಜೊತೆ ಬಂದ ಎಒಡಿಯ ಪ್ಲೇಟು 50 ಔನ್ಸಿನದು. ಅದನ್ನೇ ಹಾಕಿದರೆ ಬೋಲ್ಟೇನೋ ಕೂರುತ್ತದೆ, ಆದರೆ ಇಡೀ ಗಾಡಿ ನಡುಗುತ್ತದೆ, ಕ್ರ್ಯಾಂಕ್‌ಶಾಫ್ಟಿನ ಬೇರಿಂಗಿಗೆ ಪೆಟ್ಟು. ಇನ್ನು ಕಾರ್ಬ್ಯುರೇಟರಿನಿಂದ ಎಒಡಿಗೆ ಹೋಗುವ ಟಿವಿ ಕೇಬಲ್. ಆಕ್ಸಲರೇಟರ್ ತುಳಿದಷ್ಟೂ ಬಾಕ್ಸಿನೊಳಗೆ ಪ್ರೆಶರ್ ಏರಿಸುವುದು ಅದೇ. ಸಡಿಲವಾಗಿದ್ದರೆ ಪ್ರೆಶರ್ ಏರದೆ, ಹೊಸ ಬಾಕ್ಸೇ ಆದರೂ ಕ್ಲಚ್ ಬೇಗ ಬೆಂದುಹೋಗುತ್ತದೆ. ವರ್ಷಕ್ಕೆ 1500 ಮೈಲಿ ಓಡಿಸುವ ನಿಮಗೆ ಇದು ಮೂಗಿಗಿಂತ ಮೂಗುತಿ ಭಾರ. ವಾರಕ್ಕೆ ಮೂರು ಸಲ ಫ್ರೀಮಾಂಟ್‌ನಿಂದ ಸ್ಯಾಕ್ರಮೆಂಟೊಗೆ ಹೋಗಿ ಬರುವವರಾಗಿದ್ದು, ಆಕ್ಸಲ್ 3.50 ಆಗಿದ್ದರೆ ಹಾಕಿಸಿ ಎಂದೇ ಹೇಳುತ್ತಿದ್ದೆ.

ಎರಡನೆಯವರ ಸಲಹೆ, ಹಳೆಯದನ್ನು ಕೊಟ್ಟು ರೆಡಿ ಸಿ4 ತೆಗೆದುಕೊಳ್ಳುವುದು. ಕೇಳಲು ಹಿತ, ಒಂದೇ ದಿನದ ಕೆಲಸ. ನನ್ನ ತಕರಾರು ಏನೆಂದರೆ, ಅವರು ಕೊಡುವ ಬಾಕ್ಸ್ ಯಾವ ವರ್ಷದ್ದು, ಯಾವ ಗಾಡಿಯದು, ಒಳಗಿನದು ಎಷ್ಟು ಬಾಕ್ಸುಗಳಿಂದ ಆಯ್ದದ್ದು ಎಂದು ನಿಮಗೆ ತಿಳಿಯುವುದಿಲ್ಲ. ಸಿ4 ಎಂದರೆ ಒಂದೇ ಬಾಕ್ಸ್ ಅಲ್ಲ. ಕೆಲವಕ್ಕೆ ಡಿಪ್‌ಸ್ಟಿಕ್ ಕೊಳವೆ ಪ್ಯಾನಿಗೆ ಬರುತ್ತದೆ, ಕೆಲವಕ್ಕೆ ಮೇಲಿನ ಕವಚಕ್ಕೆ. ಫ್ಲೆಕ್ಸ್‌ಪ್ಲೇಟಿನ ಹಲ್ಲು 157 ಇರಬಹುದು, 164 ಇರಬಹುದು, ಬೆಲ್ ಹೌಸಿಂಗ್ (ಎಂಜಿನ್ನಿಗೆ ಸೇರುವ ಮುಂಭಾಗದ ಕವಚ) ಅದಕ್ಕೆ ತಕ್ಕಂತೆ. 1970ರಿಂದ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಅದರ ಮೇಲಿನ ಉದ್ದುದ್ದ ಹಲ್ಲು) ಬದಲಾಯಿತು, ಹಾಗಾಗಿ ಕನ್ವರ್ಟರ್ ಬೇರೆ. 67 ಅಥವಾ ಆಮೇಲಿನ ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಕ್ಲಚ್, ಬ್ಯಾಂಡಿಗೆ ಹರಿಸುವ ಭಾಗ) ಇದ್ದರೆ ನಿಮ್ಮ ಹಸಿರು ಚುಕ್ಕಿಗೆ ಅರ್ಥವೇ ಉಳಿಯುವುದಿಲ್ಲ.

ನೀವು ಕಳಿಸಿದ ಫೋಟೋ ನೋಡಿದೆ. ಟ್ರಾನ್ಸ್‌ಮಿಷನ್ ಕೋಡ್ 6, ಅಂದರೆ ಈ ಗಾಡಿ ಕಾರ್ಖಾನೆಯಿಂದಲೇ ಸಿ4 ಹೊತ್ತು ಬಂದದ್ದು. ಸೀರಿಯಲ್ ನಂಬರ್ ಶುರುವಾಗುವುದು 6ಆರ್07ಸಿ ಎಂದು: 1966ರ ಗಾಡಿ, ಹಾರ್ಡ್‌ಟಾಪ್, 200 ಅಶ್ವಶಕ್ತಿಯ 289. ಆ ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ. ಹೆಸರಿಗೆ ಸ್ಯಾನ್ ಹೋಸೆ, ಆದರೆ ಅದು ಇದ್ದದ್ದು ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿತು. ಆ ಕಟ್ಟಡವೇ 1994ರಲ್ಲಿ ಗ್ರೇಟ್ ಮಾಲ್ ಆಯಿತು. ಹಬ್ಬದ ಬಟ್ಟೆಗೆಂದು ಮನೆಮಂದಿಯೊಂದಿಗೆ ನೀವು ಅಲ್ಲಿಗೆ ಹೋಗಿರುತ್ತೀರಿ. ನಿಮ್ಮ ಗಾಡಿಯನ್ನು ಈ ಗೇರ್‌ಬಾಕ್ಸಿನ ಸಮೇತ ಜೋಡಿಸಿದ್ದು ಆ ಸೂರಿನ ಕೆಳಗೆ, ಈಗ ನಿಮ್ಮ ಮನೆಯಿಂದ ಕೂಗಳತೆಯಲ್ಲಿ. ಸರ್ವೋ ಮುಚ್ಚಳದ ಬೋಲ್ಟಿನಡಿ ಬೆರಳುದ್ದದ ಒಂದು ತಗಡು ಸಿಕ್ಕಿಸಿರುತ್ತದೆ, ಬಾಕ್ಸಿನ ಗುರುತು ಅದರ ಮೇಲಿದೆ. ನಿಮ್ಮ ವರ್ಷದ ಸಾಮಾನ್ಯ 289 ಗಾಡಿಗಳಲ್ಲಿ ಬಾಕ್ಸಿನ ಮೇಲೆ ಗಾಡಿಯ ನಂಬರ್ ಒತ್ತಿರುವುದಿಲ್ಲ, ಇರುವ ಗುರುತು ಆ ತಗಡೊಂದೇ. ಬದಲಿಗೆ ಕೊಟ್ಟರೆ ಅದೂ ಹೋಯಿತು. ನನ್ನ ಮಟ್ಟಿಗೆ ಇದು ದೊಡ್ಡ ಮಾತು. ದುಡ್ಡಿನ ಲೆಕ್ಕ ಸಮ ಇದ್ದರೂ ಈ ಕಾರಣಕ್ಕೇ ನಾನು ನಿಮ್ಮ ಬಾಕ್ಸನ್ನು ಉಳಿಸಿಕೊಳ್ಳಿ ಎನ್ನುತ್ತಿದ್ದೆ.

ಬಿಚ್ಚಿ ಕಟ್ಟಿಸುವುದಾದರೆ ಕೈ ಒಳ್ಳೆಯದಿರಬೇಕು. 'ರೀಬಿಲ್ಡ್' ಎಂದು ಬಿಲ್ ಮಾಡಿ ಹೊರಗಿನ ಸೀಲ್ ಮಾತ್ರ ಬದಲಿಸಿ, ಬಣ್ಣ ಬಳಿದು ಕೊಟ್ಟ ಬಾಕ್ಸುಗಳನ್ನು ಮತ್ತೆ ಬಿಚ್ಚಿದವನು ನಾನು. ಮೆಕ್ಯಾನಿಕ್ ಹತ್ತಿರ ಹೋಗಿ, ಬಿಚ್ಚಿ ಟೇಬಲ್ ಮೇಲೆ ಹರಡಿದ ದಿನ ನನ್ನನ್ನು ಕರೆಯುತ್ತೀರಾ ಎಂದು ಕೇಳಿ. ಕರೆಯುತ್ತೇನೆ ಅನ್ನುವವರಿಗೆ ಕೊಡಿ. ಬುಶ್ಶುಗಳನ್ನೂ ಬದಲಿಸುತ್ತೀರಾ, ಎಂಡ್‌ಪ್ಲೇ (ಶಾಫ್ಟು ಹಿಂದೆ ಮುಂದೆ ಅಲುಗುವ ಅಂತರ) ಅಳೆಯುತ್ತೀರಾ, ವಾಲ್ವ್ ಬಾಡಿ ಹಾಕುವ ಮುಂಚೆ ಗಾಳಿ ಬಿಟ್ಟು ಪರೀಕ್ಷೆ ಮಾಡುತ್ತೀರಾ ಎಂದು ಕೇಳಿ. ಆ ಕೊನೆಯದು ನನಗೆ ಬಹಳ ಇಷ್ಟವಾದ ಕೆಲಸ: ಆಯಿಲ್ ಹೋಗುವ ರಂಧ್ರಕ್ಕೆ ಕಂಪ್ರೆಸರಿನ ಗಾಳಿ ಹಿಡಿದರೆ ಒಳಗಿನ ಕ್ಲಚ್ 'ಥಡ್' ಎಂದು ಹಿಡಿಯುವುದು ಕೇಳಿಸುತ್ತದೆ, ಅಂಗೈಗೆ ತಿಳಿಯುತ್ತದೆ. 'ಸುಸ್' ಎಂದು ಸೋರಿದರೆ ಸೀಲು ಮಡಿಚಿಕೊಂಡಿದೆ, ಮತ್ತೆ ಬಿಚ್ಚಬೇಕು. ಆ ಸದ್ದನ್ನು ಟೇಬಲ್ ಮೇಲೆ ಕೇಳಿಸಿಕೊಂಡರೆ ರಸ್ತೆಯಲ್ಲಿ ಕೇಳುವ ಪ್ರಸಂಗ ಬರುವುದಿಲ್ಲ.

ಹಳೆಯ ಕನ್ವರ್ಟರನ್ನು ಮತ್ತೆ ಹಾಕಲು ಬಿಡಬೇಡಿ. ಅದು ಬೆಸೆದು ಮುಚ್ಚಿದ ಡಬ್ಬಿ, ಒಳಗಿನ ಕೊಳೆ ತೊಳೆದರೆ ಹೋಗುವುದಿಲ್ಲ. ಕೊಯ್ದು ಶುದ್ಧ ಮಾಡಿ ಮತ್ತೆ ಬೆಸೆದದ್ದು ಅಥವಾ ಹೊಸದು ಬೇಕು. ರೇಡಿಯೇಟರಿನೊಳಗಿನ ಕೂಲರ್, ಅದರ ಪೈಪುಗಳೂ ಅಷ್ಟೇ. ಕೆಲಸ ಕಲಿತ ಹೊಸತರಲ್ಲಿ ಕೂಲರ್ ತೊಳೆಯದೆ ಒಂದು ಬಾಕ್ಸ್ ಕೂರಿಸಿದ್ದೆ. ಮೂರೇ ವಾರಕ್ಕೆ ಗಾಡಿ ಟೋ ಟ್ರಕ್ಕಿನ ಮೇಲೆ ವಾಪಸ್ ಬಂತು. ಹಳೆಯ ಕ್ಲಚ್ಚಿನ ಪುಡಿ ಕೂಲರಿನಿಂದ ಹರಿದು ಬಂದು ಹೊಸ ವಾಲ್ವುಗಳಲ್ಲಿ ಸಿಕ್ಕಿಕೊಂಡಿತ್ತು. ಆ ಮಾಲೀಕರು ಮಗಳ ಮದುವೆಯ ಮೆರವಣಿಗೆಗೆ ಗಾಡಿ ಸಿದ್ಧ ಮಾಡಿಸಿದ್ದರು. ಅವತ್ತಿನಿಂದ ಕೂಲರ್ ತೊಳೆಯದೆ ಒಂದು ಬಾಕ್ಸನ್ನೂ ಕೊಟ್ಟಿಲ್ಲ.

ಕೂರಿಸುವಾಗ ಅತಿ ಹೆಚ್ಚು ಬಾಕ್ಸುಗಳು ಸಾಯುವುದು ಒಂದೇ ತಪ್ಪಿಗೆ. ಕನ್ವರ್ಟರನ್ನು ತಿರುಗಿಸುತ್ತ ಒಳಕ್ಕೆ ತಳ್ಳಿದಾಗ ಅದು ಮೂರು ಹಂತದಲ್ಲಿ ಕೂರಬೇಕು: ಇನ್‌ಪುಟ್ ಶಾಫ್ಟ್, ಸ್ಟೇಟರ್, ಕೊನೆಗೆ ಪಂಪ್. ಎರಡೇ ಕೂತು ಮೂರನೆಯದು ಕೂರದಿದ್ದರೂ ಬೋಲ್ಟ್ ಬಿಗಿದು ಎಳೆದುಬಿಡುವವರಿದ್ದಾರೆ. ಪಂಪಿನ ಗೇರು ಅಲ್ಲೇ ಒಡೆಯುತ್ತದೆ. ಬೆಲ್ ಹೌಸಿಂಗ್ ಎಂಜಿನ್ನಿಗೆ ಪೂರ್ತಿ ತಾಗಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಸ್ವಲ್ಪ ಸಂದಿ ಇರಬೇಕು. ಆಗಷ್ಟೇ ಬೋಲ್ಟ್ ಬಿಗಿಯಬೇಕು.

ಇದೇ ಪ್ರಶ್ನೆಯನ್ನು ಬೆಂಗಳೂರು, ಮೈಸೂರಿನಲ್ಲಿ ಹಳೆಯ ಅಮೆರಿಕನ್ ಗಾಡಿ ಇಟ್ಟುಕೊಂಡವರೂ ಕೇಳುತ್ತಾರೆ. ಅಲ್ಲಿ ಯೋಚಿಸುವುದೇ ಬೇಡ. ಸೀಲು, ಪ್ಲೇಟು, ಬ್ಯಾಂಡುಗಳ ಕಿಟ್ಟು ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. ಬಾಕ್ಸನ್ನು ಹಡಗಿನಲ್ಲಿ ತರಿಸಿದರೆ ಸಾಗಣೆ, ಸುಂಕ ಸೇರಿ ಬಾಕ್ಸಿನ ಬೆಲೆಯನ್ನೇ ಮೀರಬಹುದು. ಒಳ್ಳೆಯ ಮೆಕ್ಯಾನಿಕ್ ಕೈಗೆ ಫೋರ್ಡ್ ಶಾಪ್ ಮ್ಯಾನುಯಲ್‌ನ ಪ್ರತಿ ಕೊಟ್ಟು, ಪಕ್ಕದಲ್ಲಿ ಕೂತು ಮಾಡಿಸಿ.

ನಿಮಗೆ ಬಾಕ್ಸು ಇಳಿಸುವ ಸಂದರ್ಭವೇ ಬಂದರೆ, ಕಟ್ಟಿಸಿ ತಂದ ಮೇಲೆ ಮೊದಲ 500 ಮೈಲಿ ಭಾರ ಎಳೆಸಬೇಡಿ. ಆಮೇಲೆ ಪ್ಯಾನ್ ಇನ್ನೊಮ್ಮೆ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಬ್ಯಾಂಡುಗಳು ಕೂತು ಸಡಿಲವಾಗಿರುತ್ತವಾದ್ದರಿಂದ ಅಡ್ಜಸ್ಟ್‌ಮೆಂಟನ್ನೂ ಮತ್ತೆ ನೋಡಿಸಿ. ಆದರೆ ಅದಕ್ಕೂ ಮುಂಚೆ, ಈ ಶನಿವಾರ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಮಾಡ್ಯುಲೇಟರ್‌ನ ಹೋಸ್ ಎಳೆದು ನೋಡಿ. ಬಟ್ಟೆಗೆ ಕೆಂಪು ಹತ್ತಿತೋ ಇಲ್ಲವೋ, ಆಕ್ಸಲ್ಲಿನ ಚೀಟಿಯಲ್ಲಿ ಏನು ಬರೆದಿದೆ, ಎರಡನ್ನೂ ನನಗೆ ಬರೆಯಿರಿ.